ಅಬರ್ಡೀನ್ ಯಾವ ನದಿಯ ಊರು?

ಪ್ರಶ್ನೆ: ಮಗ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿದ್ದಾನೆ. ‘ಅಬರ್’ ಎಂದರೆ ನದಿ ಸಮುದ್ರ ಸೇರುವ ಜಾಗ, ಊರಿನ ನದಿ ಡೀ, ಅದಕ್ಕೇ ಅಬರ್ಡೀನ್ ಎನ್ನುತ್ತಾನೆ. ಇನ್ವರ್ನೆಸ್‌ನ ‘ಇನ್ವರ್’ಗೂ ಅದೇ ಅರ್ಥವಂತೆ. ಒಂದೇ ನಾಡಿನಲ್ಲಿ ಎರಡು ಪದ ಏಕೆ?
— ಓದುಗರೊಬ್ಬರು, ಕುಂದಾಪುರ

ಉತ್ತರ: ನಿಮ್ಮ ಮಗ ಹೇಳಿದ್ದು ಅರ್ಧ ಸರಿ. ಅಬರ್ ಎಂದರೆ ಅಳಿವೆ. ಗಂಗೊಳ್ಳಿಯ ಅಳಿವೆ ನೋಡಿದ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಒಳನಾಡಿನಲ್ಲಿ ಎರಡು ಹೊಳೆ ಕೂಡುವಲ್ಲಿಗೂ ಅದೇ ಮಾತು. ಆದರೆ ನದಿ ಡೀ ಅಲ್ಲ, ಡಾನ್. ಇಂದಿನ ಬಂದರು ಡೀ ಅಳಿವೆಯಲ್ಲಿದೆ, ನಿಜ. ಹೆಸರು ಮಾತ್ರ ಉತ್ತರಕ್ಕಿರುವ ಡಾನ್ ಬಳಿಯ ಹಳೆಯ ಊರಿನದು. ಹಳೆಯ ದಾಖಲೆಗಳಲ್ಲಿ ‘ಅಬರ್ಡಾನ್’ ಎಂದೇ ಇದೆ.

ಇಂಥ ಗಂಟುಗಳನ್ನು ಬಿಡಿಸುತ್ತಲೇ ಬಾಳಿದವರು ವಿಲಿಯಂ ವಾಟ್ಸನ್. 1865ರಲ್ಲಿ ಸ್ಕಾಟ್ಲೆಂಡಿನ ಉತ್ತರದ ಈಸ್ಟರ್ ರಾಸ್ ಸೀಮೆಯಲ್ಲಿ ಹುಟ್ಟಿದರು; ಅಲ್ಲಿನ ಹಳೆಯ ಭಾಷೆ ಗೇಲಿಕ್ ಅವರ ಮನೆಮಾತು. ಇನ್ವರ್ನೆಸ್‌ನಲ್ಲಿ ಶಾಲೆಯ ಮುಖ್ಯಸ್ಥರಾಗಿದ್ದಾಗಲೇ, 1904ರಲ್ಲಿ, ತಮ್ಮ ಸೀಮೆಯ ಊರಹೆಸರುಗಳ ಪುಸ್ತಕ ತಂದರು. 1914ರಿಂದ 1938ರವರೆಗೆ ಎಡಿನ್‌ಬರೊದಲ್ಲಿ ಕೆಲ್ಟಿಕ್ (ಗೇಲಿಕ್, ವೇಲ್ಸ್ ಭಾಷೆಗಳ ಕುಟುಂಬ) ಪ್ರಾಧ್ಯಾಪಕರು. ಇಡೀ ಸ್ಕಾಟ್ಲೆಂಡಿನ ಕೆಲ್ಟಿಕ್ ಸ್ಥಳನಾಮಗಳ ಚರಿತ್ರೆ ಬಂದದ್ದು 1926ರಲ್ಲಿ. ಇಂದಿಗೂ ಆ ವಿಷಯದವರು ಮೊದಲು ತೆರೆಯುವುದು ಅದನ್ನೇ.

ಎರಡು ಪದಗಳ ಗುಟ್ಟು ಇಷ್ಟೇ: ಅಬರ್ ವೇಲ್ಸ್ ಭಾಷೆಯ ಬಳಗದ್ದು, ಸ್ಕಾಟ್ಲೆಂಡಿನ ಪೂರ್ವದಲ್ಲಿ ಮೊದಲಿದ್ದ ಪಿಕ್ಟ್ ಜನರ ಬಳುವಳಿ. ಇನ್ವರ್ ಐರ್ಲೆಂಡಿನಿಂದ ಬಂದ ಗೇಲಿಕ್‌ನದು. ವೇಲ್ಸ್‌ನಲ್ಲಿ ಅಬರ್ ಇದೆ, ಐರ್ಲೆಂಡಿನಲ್ಲಿ ಇನ್ವರ್ ಇದೆ. ಎರಡೂ ಎದುರಾಗುವುದು ಸ್ಕಾಟ್ಲೆಂಡಿನಲ್ಲಿ.

ನನಗೆ ಈ ವಾಟ್ಸನ್ ಮೇಲೆ ಗೌರವ ಹುಟ್ಟಿದ್ದು ನನ್ನದೇ ಪೆದ್ದುತನದಿಂದ. ಸ್ಕಾಟ್ಲೆಂಡಿನ ನಕ್ಷೆಯಲ್ಲಿ ಪಿಟ್‌ಲಾಕ್ರಿ ಎಂಬ ಹೆಸರು ನೋಡಿ, ಇಂಗ್ಲಿಷಿನ ‘ಪಿಟ್’ ನೆನೆದು, ಯಾವುದೋ ಗುಂಡಿಯ ಊರು ಎಂದು ಇದೇ ಅಂಕಣದಲ್ಲಿ ಹಿಂದೊಮ್ಮೆ ಬರೆದುಬಿಟ್ಟಿದ್ದೆ. ಅದು ಪಿಕ್ಟರ ‘ಪೆಟ್’: ಜಮೀನಿನ ಪಾಲು. ನಮ್ಮಲ್ಲಿ ಹಿಸ್ಸೆ ಎನ್ನುತ್ತೇವಲ್ಲ, ಅದು. ವಾಟ್ಸನ್ ಆಗಿದ್ದರೆ ಮೊದಲು ಹಳೆಯ ಬರಹದ ರೂಪ ಹುಡುಕುತ್ತಿದ್ದರು, ಆಮೇಲೆ ಆ ಊರಿನ ಗೇಲಿಕ್ ಮುದುಕರ ಬಾಯಲ್ಲಿ ಹೆಸರು ಕೇಳುತ್ತಿದ್ದರು, ನೆಲವನ್ನೂ ಕಣ್ಣಾರೆ ನೋಡುತ್ತಿದ್ದರು. ನಾನು ನೋಡಿದ್ದು ಕಾಗುಣಿತ ಮಾತ್ರ.

ಮಗನನ್ನು ಒಂದು ಭಾನುವಾರ ಡಾನ್ ಅಳಿವೆಯವರೆಗೆ ನಡೆದು ಬರಲು ಹೇಳಿ.