ಕಣ್ಣಿನ ಪರದೆಗೆ ಲೇಸರ್: ಯಾವ ಲೇಸರ್, ಯಾರಿಗೆ?

ಪ್ರಶ್ನೆ: ನಮ್ಮ ಅವ್ವನಿಗೆ 71 ವರ್ಷ. ಮೂರು ವಾರದಿಂದ ಬಲಗಣ್ಣಿಗೆ ಬಾಗಿಲ ಚೌಕಟ್ಟು ಡೊಂಕು, ಎದುರಿನವರ ಮುಖದ ನಡುವೆ ಮಸಿ ಬಳಿದಂತೆ. ವಯಸ್ಸಿನಿಂದ ಬರುವ ಮ್ಯಾಕುಲಾ (ಪರದೆಯ ನಡುಭಾಗ) ಸವೆತ, ಅದರಲ್ಲೂ ‘ಒದ್ದೆ’ ಬಗೆ, ಕಣ್ಣೊಳಗೆ ಇಂಜೆಕ್ಷನ್ ಬೇಕು ಅಂದಿದ್ದಾರೆ. ನಮ್ಮ ಓಣಿಯ ಒಬ್ಬರಿಗೆ ಐದು ನಿಮಿಷದ ಲೇಸರ್‌ನಲ್ಲೇ ಕಣ್ಣು ಬಂತು. ಅವ್ವನಿಗೂ ಅದನ್ನೇ ಮಾಡಿಸಬಾರದೇ?
– ಓದುಗರು, ಚಿತ್ತಾಪುರ

ಉತ್ತರ: ಓಣಿಯವರಿಗೆ ಮಾಡಿದ್ದು ಬಹುಶಃ ಯಾಗ್ ಲೇಸರ್. ಮೋತಿಬಿಂದು ತೆಗೆದು ಲೆನ್ಸ್ ಕೂಡಿಸಿದ ಮೇಲೆ ಅದರ ಹಿಂದಿನ ತೆಳು ಪೊರೆ ಮಬ್ಬಾದರೆ, ಅದಕ್ಕೊಂದು ಕಿಂಡಿ ಕೊರೆಯುವ ಕೆಲಸ ಅದು. ಅವ್ವನ ಪರದೆಗೂ ಅದಕ್ಕೂ ಸಂಬಂಧವಿಲ್ಲ.

ಅವ್ವನ ಕಣ್ಣಲ್ಲಿ ಪರದೆಯ ನಟ್ಟನಡುವೆ, ಮ್ಯಾಕುಲಾದಡಿ, ಹೊಸ ರಕ್ತನಾಳಗಳು ಹುಟ್ಟಿ ಸೋರುತ್ತಿವೆ. 1980ರ ದಶಕದಲ್ಲಿ ಇವನ್ನು ಬಿಸಿ ಲೇಸರ್‌ನಿಂದ ಸುಡುತ್ತಿದ್ದರು. ನಾಳದ ಜೊತೆಗೆ ಮೇಲಿನ ಪರದೆಯೂ ಸುಟ್ಟು ಕಾಯಂ ಕಪ್ಪು ಕಲೆ ಉಳಿಯುತ್ತಿತ್ತು, ಹೆಚ್ಚುಕಮ್ಮಿ ಅರ್ಧ ಜನರಿಗೆ ನಾಳ ಮತ್ತೆ ಚಿಗುರುತ್ತಿತ್ತು. ಈಗ ನಾಳ ನಡುಬಿಂದುವಿನಿಂದ ದೂರವಿದ್ದರೆ ಮಾತ್ರ, ಅದೂ ಅಪರೂಪಕ್ಕೆ ಮಾಡುತ್ತಾರೆ.

ಇನ್ನೊಂದು ‘ತಣ್ಣನೆ’ ಲೇಸರ್, ಪಿಡಿಟಿ, ಅಂದರೆ ಸುಡದೆ, ಬೆಳಕಿನಿಂದ ಔಷಧಿಯನ್ನು ಕೆಲಸಕ್ಕೆ ಹಚ್ಚುವ ಚಿಕಿತ್ಸೆ. ವರ್ಟೆಪೋರ್ಫಿನ್ ಔಷಧಿಯನ್ನು ಕೈಯ ನರದ ಮೂಲಕ 10 ನಿಮಿಷ ಹರಿಸಿ, ಶುರುಮಾಡಿದ 15ನೇ ನಿಮಿಷಕ್ಕೆ 83 ಸೆಕೆಂಡು ಕೆಂಪು ಬೆಳಕು ಬಿಡುತ್ತಾರೆ. ಏಷ್ಯಾದವರಲ್ಲಿ ಹೆಚ್ಚು ಕಾಣುವ, ನಾಳದ ತುದಿ ಗುಳ್ಳೆಯಂತೆ ಉಬ್ಬುವ ಪಾಲಿಪಾಯಿಡಲ್ ಬಗೆಗೆ ಇದನ್ನು ಇಂಜೆಕ್ಷನ್ ಜೊತೆ ಬಳಸುವುದುಂಟು. ಮೈಯಲ್ಲಿ ಔಷಧಿ ಇರುವಾಗ ಬಿಸಿಲು ತಾಗಿದರೆ ಚರ್ಮ ಸುಡುತ್ತದೆ, 5 ದಿನ ಬಿಸಿಲಿಗೆ ಬೀಳುವಂತಿಲ್ಲ. ಕಲಬುರಗಿಯ ಏಪ್ರಿಲ್ ಬಿಸಿಲಲ್ಲಂತೂ ಹೊತ್ತು ಮುಳುಗಿದ ಮೇಲೆಯೇ ಊರಿಗೆ ಹೊರಡಬೇಕು. ಹಾಗಂತ ಕತ್ತಲ ಕೋಣೆ ಬೇಡ. ಮನೆಯೊಳಗಿನ ಮಾಮೂಲಿ ಬೆಳಕಿಗೆ ಚರ್ಮದಲ್ಲಿನ ಔಷಧಿಯ ಪ್ರಭಾವ ಬೇಗ ಇಳಿಯುತ್ತದೆ.

ಅವ್ವನಿಗೆ ಮೊದಲು ನಾಳದ ಸೋರಿಕೆ ತಡೆಯುವ ಇಂಜೆಕ್ಷನ್ನೇ ಸರಿ, ಅದೂ ಈ ವಾರವೇ. ಹನಿ ಹಾಕಿ ಮರಗಟ್ಟಿಸಿ, ಸಾಮಾನ್ಯವಾಗಿ 0.05 ಮಿ.ಲೀ. ಅಷ್ಟೇ ಕೊಡುತ್ತಾರೆ. ತಿಂಗಳಿಗೊಂದರಂತೆ 3 ಆದಮೇಲೆ ಓಸಿಟಿ ಸ್ಕ್ಯಾನ್ (ಪರದೆಯ ಪದರಗಳನ್ನು ತೋರಿಸುವ ಚಿತ್ರ) ನೋಡಿಕೊಂಡು ಅಂತರ ಹೆಚ್ಚಿಸುತ್ತಾರೆ. ಕೆಲಸ ಕೆಡುವುದು ಇಲ್ಲೇ: ಒಂದಾದ ಮೇಲೆ ‘ಕಣ್ಣು ತಿಳಿಯಾಯಿತು’ ಎಂದು ಕೆಲವರು, ‘ಏನೂ ಆಗಲಿಲ್ಲ’ ಎಂದು ಕೆಲವರು ಬಿಟ್ಟುಬಿಡುತ್ತಾರೆ. ಸೋರಿಕೆ ಮರುಕಳಿಸಿ ಗಾಯ ಗಟ್ಟಿಯಾದರೆ ಹೋದ ದೃಷ್ಟಿ ಬಾರದು. ಚುಚ್ಚಿದ ಕಡೆ ಬಿಳಿಗುಡ್ಡೆಯ ಮೇಲೆ ರಕ್ತದ ಕಲೆ ಕಂಡರೆ ಹೆದರಬೇಡಿ, ಒಂದೆರಡು ವಾರದಲ್ಲಿ ಕರಗುತ್ತದೆ. ನೋವು ಏರುತ್ತ ದೃಷ್ಟಿ ಇಳಿದರೆ ಅದು ಸೋಂಕಿರಬಹುದು. ಬೆಳಗಾಗಲಿ ಎಂದು ಕಾಯದೆ ಹೋಗಿ.

ಎಡಗಣ್ಣನ್ನು ಮರೆಯಬೇಡಿ. ಆಮ್ಸ್ಲರ್ ಹಾಳೆ (10 ಸೆಂ.ಮೀ. ಚೌಕ, ಒಳಗೆ 5 ಮಿ.ಮೀ. ಮನೆಗಳು) ತಂದು, ಓದುವ ಚಷ್ಮಾ ಹಾಕಿಸಿ, 30 ಸೆಂ.ಮೀ. ದೂರದಲ್ಲಿ ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನಡುವಿನ ಚುಕ್ಕೆ ನೋಡಿಸಿ. ಹಾಳೆ ಸಿಗುವವರೆಗೆ ನೆಲದ ಶಹಾಬಾದ್ ಫರಸಿಯ ಸಂದುಗೆರೆಗಳೇ ಸಾಕು: ನೆಟ್ಟಗಿದ್ದ ಗೆರೆ ಬಳುಕಿದರೆ ಆ ಕಣ್ಣಿಗೂ ಶುರುವಾಗಿದೆಯೆಂದು ತಿಳಿದು ತೋರಿಸಿ.

ಪ್ರಶ್ನೆ: ಅಪ್ಪನಿಗೆ ‘ಒಣ’ ಬಗೆ ಅಂತೆ, ಪರದೆಯಡಿ ಹಳದಿ ಚುಕ್ಕೆಗಳಿವೆ. ಲೇಸರ್‌ನಿಂದ ಕರಗಿಸಬಹುದೇ?
– ಓದುಗರು, ಹುಮನಾಬಾದ್

ಉತ್ತರ: ಚುಕ್ಕೆ ಕರಗುತ್ತದೆ, ರೋಗ ನಿಲ್ಲುವುದಿಲ್ಲ. ಹೀಗಾಗಿ ಬೇಡ. ಮಧ್ಯಮ ಹಂತವಾಗಿದ್ದರೆ ಲ್ಯೂಟಿನ್ 10 ಮಿ.ಗ್ರಾಂ., ಜಿಯಾಕ್ಸಾಂಥಿನ್ 2 ಮಿ.ಗ್ರಾಂ., ಜೊತೆಗೆ ಸಿ, ಇ ವಿಟಮಿನ್, ಸತು, ತಾಮ್ರ ಇರುವ ಗುಳಿಗೆಯನ್ನು ವೈದ್ಯರು ಬರೆಯುತ್ತಾರೆ. ಶುರುವಿನ ಹಂತದಲ್ಲಿ ಅದರಿಂದ ಲಾಭವಿಲ್ಲ. ಅಪ್ಪ ಬೀಡಿ ಸೇದುವವರಾದರೆ ಮೊದಲು ಅದನ್ನು ಬಿಡಿಸಿ. ಗುಳಿಗೆಯ ಡಬ್ಬಿಯ ಮೇಲೆ ಬೀಟಾ ಕೆರೋಟಿನ್ ಎಂದಿದ್ದರೆ ಅಂಗಡಿಗೇ ಮರಳಿಸಿ. ಸೇದುವವರಿಗೂ ಸೇದಿ ಬಿಟ್ಟವರಿಗೂ ಅದು ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚಿಸುತ್ತದೆ.