ಹಳೇ ಕಂಪ್ಯೂಟರು, ಹೊಸ ಬೋರ್ಡು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ, ಎಫ್‌ಪಿಜಿಎ ಬೋರ್ಡಿನ (ಒಳಗಿನ ವೈರಿಂಗನ್ನು ನಾವೇ ಬರೆದು ಬದಲಿಸಬಹುದಾದ ಚಿಪ್ ಇರುವ ಬೋರ್ಡು) ಮೇಲೆ 1982ರ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರನ್ನು ಮತ್ತೆ ಕಟ್ಟಿದ ಬಗ್ಗೆ ಬರೆದಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಹಳೇ ಲ್ಯಾಪ್‌ಟಾಪಿನಲ್ಲೇ ಸ್ಪೆಕ್ಟ್ರಮ್ ಎಮ್ಯುಲೇಟರ್ ಚೆನ್ನಾಗಿ ಓಡುತ್ತದೆ. ದುಡ್ಡು ಕೊಟ್ಟು ಬೋರ್ಡ್ ತಂದು ಅದೇ ಆಟ ಆಡುವುದರಲ್ಲಿ ಏನಿದೆ? (ಧಾರವಾಡದ ಓದುಗರು)

ಆಟ ಆಡುವುದಷ್ಟೇ ಬೇಕಿದ್ದರೆ ಬೋರ್ಡ್ ತರಬೇಡಿ, ಎಮ್ಯುಲೇಟರ್ ಸಾಕು. ಒಳ್ಳೆ ಎಮ್ಯುಲೇಟರ್‌ಗಳು ತುಂಬಾ ನಿಖರವಾಗಿಯೂ ಇವೆ.

ವ್ಯತ್ಯಾಸ ಇರೋದು ಕೆಲಸ ನಡೆಯುವ ರೀತಿಯಲ್ಲಿ. ಎಮ್ಯುಲೇಟರ್ ಒಂದು ಪ್ರೋಗ್ರಾಂ. ಸ್ಪೆಕ್ಟ್ರಮ್‌ನ ಸಿಪಿಯು ಆಗಿದ್ದ ಝಡ್80 ಚಿಪ್ ಏನು ಮಾಡುತ್ತಿತ್ತೋ ಅದನ್ನು ಲೆಕ್ಕ ಹಾಕುತ್ತದೆ, ಆಮೇಲೆ ಚಿತ್ರದ ಲೆಕ್ಕ, ಆಮೇಲೆ ಸದ್ದಿನ ಲೆಕ್ಕ, ಹೀಗೆ ಒಂದಾದ ಮೇಲೆ ಒಂದು. ಎಫ್‌ಪಿಜಿಎ ಚಿಪ್‌ನಲ್ಲಿ ಹಾಗೆ ಓಡುವ ಪ್ರೋಗ್ರಾಂ ಇರುವುದಿಲ್ಲ. ಒಳಗೆ ಸಾವಿರಾರು ಚಿಕ್ಕ ಲಾಜಿಕ್ ತುಂಡುಗಳಿವೆ, ನೀವು ವೆರಿಲಾಗ್‌ನಲ್ಲೋ ವಿಎಚ್‌ಡಿಎಲ್‌ನಲ್ಲೋ (ಸರ್ಕ್ಯೂಟನ್ನು ವಿವರಿಸುವ ಭಾಷೆಗಳು) ಬರೆದದ್ದು ಅವುಗಳ ನಡುವಿನ ವೈರಿಂಗ್ ಆಗುತ್ತದೆ. ಸಿಪಿಯು, ಚಿತ್ರ, ಸದ್ದು, ಕೀಬೋರ್ಡು ಎಲ್ಲವೂ ಒಂದೇ ಕ್ಲಾಕ್ ಟಿಕ್‌ಗೆ ಒಟ್ಟಿಗೆ ಮಿಡಿಯುತ್ತವೆ, ಆ ಹಳೇ ಡಬ್ಬಿಯೊಳಗೆ ಆಗುತ್ತಿದ್ದ ಹಾಗೇ.

ನನಗೆ ಇದು ಯಾಕೆ ಇಷ್ಟ ಅಂದರೆ, ಕಟ್ಟುವವರು ಪ್ರತಿ ಟಿಕ್‌ಗೂ ಉತ್ತರ ಹೇಳಬೇಕಾಗುತ್ತದೆ. 'ಈ ಹೊತ್ತಿನಲ್ಲಿ ಮೆಮೊರಿ ಯಾರ ಕೈಯಲ್ಲಿದೆ?' ಅಂತ ಯಂತ್ರ ಕೇಳುತ್ತಲೇ ಇರುತ್ತದೆ. ಗೊತ್ತಿಲ್ಲ ಅಂದರೆ ಪರದೆ ಮೇಲೆ ಕಸ ಕಾಣುತ್ತದೆ.

ಪ್ರಶ್ನೆ: ಇಂಜಿನಿಯರಿಂಗ್ ಕೊನೇ ವರ್ಷ. ಪ್ರಾಜೆಕ್ಟ್‌ಗೆ ಸ್ಪೆಕ್ಟ್ರಮ್ ಕಟ್ಟೋಣ ಅಂತ ನಾವು ಮೂವರು ತೀರ್ಮಾನಿಸಿದ್ದೇವೆ. ನಾಲ್ಕು ತಿಂಗಳು ಟೈಮ್ ಇದೆ. ಯಾವ ಬೋರ್ಡ್, ಎಲ್ಲಿಂದ ಶುರು? (ಮೈಸೂರು)

ಮೊದಲು ಮೆಮೊರಿ ಲೆಕ್ಕ ಹಾಕಿ. 48ಕೆ ಸ್ಪೆಕ್ಟ್ರಮ್‌ಗೆ 48 ಕಿಲೋಬೈಟ್ ರ‍್ಯಾಮ್, 16 ಕಿಲೋಬೈಟ್ ರಾಮ್ (ROM, ಓದಲು ಮಾತ್ರ ಬರುವ ಮೆಮೊರಿ), ಒಟ್ಟು 64. ಟ್ಯಾಂಗ್ ನ್ಯಾನೋ 20ಕೆ ಬೋರ್ಡಿನಲ್ಲಿರುವ ಗೋವಿನ್ ಚಿಪ್‌ನಲ್ಲಿ ತಲಾ 2 ಕಿಲೋಬೈಟ್‌ನ 46 ಬ್ಲಾಕ್ ರ‍್ಯಾಮ್ ಇವೆ. ಚಿಪ್‌ನೊಳಗೇ ಇರುವ ಈ ಮೆಮೊರಿ ತುಂಡುಗಳಲ್ಲಿ ನಿಮಗೆ ಬೇಕಾಗೋದು 32. ಅಂದರೆ ಹೊರಗಿನ ಎಸ್‌ಡಿರ‍್ಯಾಮ್ ಮುಟ್ಟದೇ ಇಡೀ ಯಂತ್ರ ಒಂದು ಚಿಪ್‌ನೊಳಗೆ ಕೂರುತ್ತದೆ. ಅದರ ತಮ್ಮ 9ಕೆ ಬೋರ್ಡಿನಲ್ಲಿ ಬ್ಲಾಕ್‌ಗಳು 26 ಮಾತ್ರ, ಅಲ್ಲಿ ಅವಷ್ಟೇ ಸಾಲವು, ಬೇರೆ ಮೆಮೊರಿಯನ್ನೂ ಬಳಸಬೇಕು, ಮೊದಲ ಸಲಕ್ಕೆ ಆ ತಲೆನೋವು ಬೇಡ.

ಟೆರಾಸಿಕ್‌ನ ಡಿಇ10-ನ್ಯಾನೋ ದೊಡ್ಡ ಬೋರ್ಡು. 1,10,000 ಲಾಜಿಕ್ ಎಲಿಮೆಂಟ್ ಇರುವ ಸೈಕ್ಲೋನ್ 5 ಚಿಪ್, ಜತೆಗೆ ಎರಡು ಕೋರ್‌ನ ಎಆರ್‌ಎಂ ಪ್ರೊಸೆಸರ್. 2017ರಲ್ಲಿ ಶುರುವಾದ ಮಿಸ್ಟರ್ ಪ್ರಾಜೆಕ್ಟ್ (ಹಳೇ ಯಂತ್ರಗಳನ್ನು ಎಫ್‌ಪಿಜಿಎ ಮೇಲೆ ಮತ್ತೆ ಕಟ್ಟುವ ಓಪನ್ ಸೋರ್ಸ್ ಕೆಲಸ) ನಿಂತಿರೋದು ಇದರ ಮೇಲೆಯೇ. ಬೇರೆಯವರು ಕಟ್ಟಿದ ಹತ್ತಾರು ಯಂತ್ರಗಳನ್ನು ಓಡಿಸಬೇಕು ಅಂದರೆ ಇದು ಸರಿ. ನೀವೇ ಒಂದನ್ನು ಕಟ್ಟಿ ಕಲಿಯೋಕೆ ಚಿಕ್ಕದೇ ಸಾಕು, ಬೆಲೆಯೂ ಎಷ್ಟೋ ಕಡಿಮೆ.

ಶುರು ಮಾಡೋದು ಸಿಪಿಯುನಿಂದ ಅಲ್ಲ, ಎರಡು ಕೌಂಟರ್‌ಗಳಿಂದ. ಒಂದು 0ರಿಂದ 447ರವರೆಗೆ ಎಣಿಸಲಿ, ಅದು ಒಂದು ಗೆರೆ. ಇನ್ನೊಂದು 0ರಿಂದ 311ರವರೆಗೆ, ಅದು ಒಂದು ಫ್ರೇಮ್. ಪಿಕ್ಸೆಲ್ ಕ್ಲಾಕ್ 7 ಮೆಗಾಹರ್ಟ್ಸ್ ಇದ್ದರೆ ಒಂದು ಗೆರೆಗೆ ಸರಿಯಾಗಿ 64 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಆಗಿನ ಪಾಲ್ (PAL) ಪದ್ಧತಿಯ ಟಿವಿಗೆ ಬೇಕಿದ್ದದ್ದು ಅದೇ. ಆಮೇಲೆ 6,912 ಬೈಟ್‌ನ ಒಂದು ಸ್ಕ್ರೀನ್ ಚಿತ್ರವನ್ನು ಬ್ಲಾಕ್ ರ‍್ಯಾಮ್‌ನಲ್ಲಿ ತುಂಬಿಸಿ ತೋರಿಸಿ. ಪಿಕ್ಸೆಲ್‌ಗೆ 6,144 ಬೈಟ್, ಬಣ್ಣಕ್ಕೆ 768.

ಇಲ್ಲಿ ಎಲ್ಲರೂ ಮುಗ್ಗರಿಸುತ್ತಾರೆ. ಮೆಮೊರಿಯಲ್ಲಿ ಗೆರೆಗಳು ವರಸೆಯಾಗಿಲ್ಲ. ಮೊದಲ ಗೆರೆ ಆದ ಮೇಲೆ ಬರೋದು ಎಂಟು ಗೆರೆ ಕೆಳಗಿನದು, ಆಮೇಲೆ ಹದಿನಾರು ಕೆಳಗಿನದು. ಪರದೆಯನ್ನು ಮೂರು ಪಾಲು ಮಾಡಿ ಒಂದೊಂದು ಪಾಲನ್ನೂ ಹೀಗೆ ತುಂಬುತ್ತದೆ. ಟೇಪಿನಿಂದ ಚಿತ್ರ ಲೋಡ್ ಆಗುವಾಗ ಜರಡಿ ತುಂಬಿದ ಹಾಗೆ ಕಾಣುತ್ತಿತ್ತಲ್ಲ, ಅದಕ್ಕೆ ಇದೇ ಕಾರಣ. ನೋಡೋಕೆ ಹುಚ್ಚು ಅನ್ನಿಸಿದರೂ ಲೆಕ್ಕ ಇದೆ. ಈ ಜೋಡಣೆಯಲ್ಲಿ ಒಂದು ಪಿಕ್ಸೆಲ್ ಬೈಟ್‌ಗೂ ಅದರ ಬಣ್ಣದ ಬೈಟ್‌ಗೂ ವಿಳಾಸದ ಕೆಳಗಿನ ಎಂಟು ಬಿಟ್ ಒಂದೇ ಇರುತ್ತವೆ. ಹಾಗಾಗಿ ಆ ಕಾಲದ ನಿಧಾನದ ಡೈನಮಿಕ್ ರ‍್ಯಾಮ್‌ನಿಂದ ಎರಡನ್ನೂ ಬೇಗ ಬೇಗ ಎಳೆದುಕೊಳ್ಳಬಹುದಿತ್ತು. ನಿಮ್ಮ ಚಿತ್ರ ಮೂರು ತುಂಡಾಗಿ ಕಲಸಿಹೋಗಿ ಕಂಡರೆ ವಿಳಾಸದ ಬಿಟ್‌ಗಳನ್ನು ಮತ್ತೆ ನೋಡಿ.

ಚಿತ್ರ ಬಂದ ಮೇಲೆ ಸಿಪಿಯು. ಝಡ್80 ನೀವೇ ಬರೆಯೋಕೆ ನಾಲ್ಕು ತಿಂಗಳು ಸಾಲದು. ವಿಎಚ್‌ಡಿಎಲ್‌ನಲ್ಲಿ ಟಿ80, ವೆರಿಲಾಗ್‌ನಲ್ಲಿ ಟಿವಿ80 ಅಂತ ಸಿದ್ಧ ಸರ್ಕ್ಯೂಟ್ ವಿನ್ಯಾಸಗಳು, ಅಂದರೆ ಓಪನ್ ಸೋರ್ಸ್ ಕೋರ್‌ಗಳಿವೆ, ಒಂದನ್ನು ತಗೊಳ್ಳಿ, ರಿಪೋರ್ಟಿನಲ್ಲಿ ಅದು ಯಾರದು ಅಂತ ಸ್ಪಷ್ಟವಾಗಿ ಬರೆಯಿರಿ. ಕ್ಲಾಕ್ ವಿಷಯದಲ್ಲಿ ಒಂದು ಮಾತು: 7ಕ್ಕೊಂದು, 3.5ಕ್ಕೊಂದು ಅಂತ ಬೇರೆ ಬೇರೆ ಕ್ಲಾಕ್ ಮಾಡಬೇಡಿ. 28 ಮೆಗಾಹರ್ಟ್ಸ್‌ನ ಒಂದೇ ಕ್ಲಾಕ್ ಇರಲಿ, ನಾಲ್ಕು ಟಿಕ್‌ಗೊಮ್ಮೆ ಪಿಕ್ಸೆಲ್‌ಗೆ, ಎಂಟು ಟಿಕ್‌ಗೊಮ್ಮೆ ಸಿಪಿಯುಗೆ ಎನೇಬಲ್ (ಈಗ ಹೆಜ್ಜೆ ಇಡು ಅನ್ನುವ ಸಂಕೇತ) ಕೊಡಿ. ಇದೊಂದನ್ನು ಪಾಲಿಸಿದರೆ ಎಷ್ಟೋ ರಾತ್ರಿಯ ನಿದ್ದೆ ಉಳಿಯುತ್ತದೆ.

ಇನ್ನೊಂದು ಎಚ್ಚರಿಕೆ. ಈ ಬೋರ್ಡಿನ ಪಿನ್‌ಗಳು 3.3 ವೋಲ್ಟ್‌ನವು. ಹಳೇ ಪಿಎಸ್/2 ಕೀಬೋರ್ಡು 5 ವೋಲ್ಟ್‌ನದು. ನಾನು ಆತುರದಲ್ಲಿ ನೇರವಾಗಿ ಜೋಡಿಸಿ ಒಂದು ಪಿನ್ ಸುಟ್ಟುಕೊಂಡೆ, ಎರಡು ದಿನ ತಪ್ಪು ಕೋಡ್‌ನಲ್ಲಿದೆ ಅಂತ ಹುಡುಕುತ್ತಾ ಕೂತಿದ್ದೆ. ಮಧ್ಯೆ ವೋಲ್ಟೇಜ್ ಹೊಂದಿಸುವ ಒಂದು ಲೆವೆಲ್ ಶಿಫ್ಟರ್ ಹಾಕಿ.

ಪ್ರಶ್ನೆ: ನನ್ನ ಸ್ಪೆಕ್ಟ್ರಮ್ ಓಡುತ್ತಿದೆ, ಬೇಸಿಕ್ ಬರುತ್ತದೆ, ಆಟಗಳೂ ಬರುತ್ತವೆ. ಆದರೆ ಕೆಲವು ಆಟ ಸ್ವಲ್ಪ ಜೋರಾಗಿ ಓಡುತ್ತವೆ, ಕೆಲವು ಡೆಮೊಗಳಲ್ಲಿ ಬಾರ್ಡರಿನ (ಚಿತ್ರದ ಸುತ್ತಲಿನ ಅಂಚಿನ) ಬಣ್ಣದ ಪಟ್ಟಿಗಳು ಜಾಗ ತಪ್ಪುತ್ತವೆ. ಸಿಪಿಯು ಸರಿಯಾಗಿ 3.5 ಮೆಗಾಹರ್ಟ್ಸ್ ಇದೆ, ಅಳೆದು ನೋಡಿದ್ದೇನೆ. (ಮಂಗಳೂರು)

ಈ ತಿಂಗಳು ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ನಿಮ್ಮ ಯಂತ್ರದಲ್ಲಿ ದೋಷ ಇಲ್ಲ ಸರ್. ಅದು ಅಸಲಿಗಿಂತ ಚೆನ್ನಾಗಿದೆ, ತೊಂದರೆ ಅದೇ.

ಅಸಲಿ ಸ್ಪೆಕ್ಟ್ರಮ್‌ನಲ್ಲಿ ಯುಎಲ್‌ಎ ಅಂತ ಒಂದು ಚಿಪ್ ಇತ್ತು, ಫೆರಾಂಟಿ ಕಂಪನಿ ಮಾಡಿಕೊಟ್ಟದ್ದು. ಚಿತ್ರ ಬಿಡಿಸೋದು, ಕೀಬೋರ್ಡ್ ಓದೋದು, ಟೇಪು, ಸ್ಪೀಕರು ಎಲ್ಲಾ ಅದರದೇ ಕೆಲಸ. ಮೊದಲ 16 ಕಿಲೋಬೈಟ್ ರ‍್ಯಾಮ್, ಅಂದರೆ ವಿಳಾಸ 16384ರಿಂದ 32767ರವರೆಗೆ, ಯುಎಲ್‌ಎಗೂ ಬೇಕು, ಸಿಪಿಯುಗೂ ಬೇಕು. ಆ ರ‍್ಯಾಮ್‌ಗೆ ಇದ್ದದ್ದು ಒಂದೇ ಬಾಗಿಲು. ಚಿತ್ರ ಬಿಡಿಸೋದು ಕಾಯುವ ಕೆಲಸ ಅಲ್ಲ, ಟಿವಿಯ ಕಿರಣ ನಿಲ್ಲೋದಿಲ್ಲ. ಹಾಗಾಗಿ ಇಬ್ಬರೂ ಒಟ್ಟಿಗೆ ಬಂದರೆ ಯುಎಲ್‌ಎ ಸಿಪಿಯುವಿನ ಕ್ಲಾಕನ್ನೇ ಹಿಡಿದು ನಿಲ್ಲಿಸುತ್ತಿತ್ತು. ಇದಕ್ಕೆ ಕಂಟೆನ್ಷನ್ ಅನ್ನುತ್ತಾರೆ.

ಎಷ್ಟು ಹೊತ್ತು ನಿಲ್ಲಿಸುತ್ತಿತ್ತು ಅನ್ನೋದು ಸಿಪಿಯು ಯಾವ ಟಿಕ್‌ನಲ್ಲಿ ಬಂತು ಅನ್ನೋದರ ಮೇಲೆ. ಸಿಪಿಯುವಿನ ಎಂಟು ಟಿಕ್‌ಗಳ ಒಂದು ಚಕ್ರ: 6, 5, 4, 3, 2, 1, 0, 0. ಚಕ್ರದ ಮೊದಲ ಟಿಕ್‌ನಲ್ಲಿ ಬಂದರೆ 6 ಟಿಕ್ ಕಾಯಬೇಕು, ಎರಡನೇದರಲ್ಲಿ 5, ಕೊನೆಯ ಎರಡರಲ್ಲಿ ನೇರ ಒಳಗೆ. ಒಂದು ಗೆರೆಗೆ ಸಿಪಿಯು ಲೆಕ್ಕದಲ್ಲಿ 224 ಟಿಕ್, ಅದರಲ್ಲಿ ಚಿತ್ರ ಬಿಡಿಸುವ 128 ಟಿಕ್‌ನಷ್ಟು ಹೊತ್ತು ಈ ತಡೆ ಇರುತ್ತದೆ. ಅದೂ 192 ಗೆರೆಗಳಲ್ಲಿ ಮಾತ್ರ, ಮೇಲೆ ಕೆಳಗೆ ಬಾರ್ಡರ್ ಇರುವಾಗ ಇಲ್ಲ. ಮೇಲಿನ 32 ಕಿಲೋಬೈಟ್ ರ‍್ಯಾಮ್‌ಗೆ ಈ ಕಾಟವೇ ಇಲ್ಲ.

ನಿಮ್ಮ ಎಫ್‌ಪಿಜಿಎಯ ಬ್ಲಾಕ್ ರ‍್ಯಾಮ್‌ಗೆ ಎರಡು ಬಾಗಿಲು. ಒಂದರಲ್ಲಿ ಚಿತ್ರ, ಇನ್ನೊಂದರಲ್ಲಿ ಸಿಪಿಯು, ಯಾರೂ ಯಾರಿಗೂ ಕಾಯೋದಿಲ್ಲ. ಅದಕ್ಕೇ ಆಟ ಜೋರಾಗಿ ಓಡುತ್ತಿದೆ. ಆ ಕಾಲದ ಪ್ರೋಗ್ರಾಮರ್‌ಗಳು ಈ ಕಾಯುವಿಕೆಯನ್ನೂ ಲೆಕ್ಕಕ್ಕೆ ಹಿಡಿದು, ಫ್ರೇಮಿನ 69,888 ಟಿಕ್‌ಗಳಲ್ಲಿ ಯಾವುದರಲ್ಲಿ ಬಾರ್ಡರಿನ ಬಣ್ಣ ಬದಲಿಸಬೇಕು ಅಂತ ಎಣಿಸಿ ಬರೆದಿದ್ದರು. ನೀವು ಕಾಯಿಸದಿದ್ದರೆ ಅವರ ಎಣಿಕೆ ತಪ್ಪುತ್ತದೆ.

ಪರಿಹಾರ: ವಿಳಾಸ ಆ 16 ಕಿಲೋಬೈಟ್‌ನೊಳಗಿದ್ದು, ಚಿತ್ರ ಬಿಡಿಸುವ ಹೊತ್ತಾಗಿದ್ದರೆ, ಚಕ್ರದ ಲೆಕ್ಕದಂತೆ ಸಿಪಿಯು ಎನೇಬಲ್ ತಡೆಹಿಡಿಯಿರಿ. ಪ್ರತಿ ಫ್ರೇಮಿನ ಶುರುವಿನಲ್ಲಿ ಸಿಪಿಯುಗೆ ಬರುವ ಸೂಚನೆ, ಅಂದರೆ ಇಂಟರಪ್ಟ್, ಬಂದ ಮೇಲೆ 14,335ನೇ ಟಿಕ್‌ನಿಂದ ಚಕ್ರ ಶುರು. ಒಂದು ಟಿಕ್ ಆಚೀಚೆ ಆದರೂ ಪಟ್ಟಿಗಳು ಕೂರೋದಿಲ್ಲ, ನನಗೆ ಸರಿಹೋಗೋಕೆ ಮೂರು ವಾರ ಬೇಕಾಯಿತು. ಕೊನೆಗೆ ಪಟ್ಟಿಗಳು ಅಲುಗಾಡದೆ ನಿಂತ ರಾತ್ರಿ ನಾನು ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದ್ದೆ. ಯಂತ್ರವನ್ನು ವೇಗ ಮಾಡೋದು ಈಗ ಸುಲಭ. ಅದು ಎಲ್ಲಿ, ಎಷ್ಟು ತಡೆದು ನಿಲ್ಲುತ್ತಿತ್ತೋ ಅಲ್ಲೇ ಅಷ್ಟೇ ನಿಲ್ಲಿಸೋದರಲ್ಲೇ ನಿಜವಾದ ಕೆಲಸ ಇದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 80ರ ದಶಕದಲ್ಲಿ ನಮ್ಮ ಶಾಲೆಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂದಿತ್ತು. ಆನ್ ಮಾಡಿದಾಗ ಬರುತ್ತಿದ್ದ ಆ ಸದ್ದು ಇನ್ನೂ ಕಿವಿಯಲ್ಲಿದೆ. ಅದನ್ನು ಮತ್ತೆ ನೋಡಬಹುದೇ? (ಶಿವಮೊಗ್ಗ)

ಖಂಡಿತ ನೋಡಬಹುದು ಸರ್. ನಿಮ್ಮಲ್ಲಿಗೆ ಬಂದದ್ದು ಕ್ಲಾಸ್ ಯೋಜನೆಯಲ್ಲಿ ಇರಬೇಕು. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗಾಗಿ ಶುರು ಮಾಡಿದ ಯೋಜನೆ ಅದು, ಅದಕ್ಕೆ ಆರಿಸಿಕೊಂಡದ್ದು ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ.

ಮಿಸ್ಟರ್‌ಗೆ ಬಿಬಿಸಿ ಮೈಕ್ರೋ ಕೋರ್ ಸಿದ್ಧವಾಗಿದೆ. ಮಕ್ಕಳೋ ಮೊಮ್ಮಕ್ಕಳೋ ಒಂದು ಸಂಜೆ ಕೂತರೆ ಹೊಂದಿಸಿಕೊಡಬಹುದು. 2 ಮೆಗಾಹರ್ಟ್ಸ್‌ನ 6502 ಸಿಪಿಯು, 32 ಕಿಲೋಬೈಟ್ ರ‍್ಯಾಮ್, ಬಿಬಿಸಿ ಬೇಸಿಕ್, ನಿಮಗೆ ನೆನಪಿರುವ ದಪ್ಪ ಅಕ್ಷರದ ಮೋಡ್ 7, ಎಲ್ಲಾ ಸಿಗುತ್ತದೆ. ಮಂಗಳೂರಿನವರ ಪ್ರಶ್ನೆ ಓದಿದಿರಲ್ಲ, ಅದೇ ಮೆಮೊರಿ ಸಮಸ್ಯೆಗೆ ಏಕಾರ್ನ್‌ನವರ ದಾರಿ ಬೇರೆ. ಅವರು 4 ಮೆಗಾಹರ್ಟ್ಸ್‌ಗೆ ಓಡುವ ರ‍್ಯಾಮ್ ಹಾಕಿ, ಒಂದು ಸರದಿ ಸಿಪಿಯುಗೆ, ಒಂದು ಸರದಿ ಚಿತ್ರಕ್ಕೆ ಅಂತ ಹಂಚಿಬಿಟ್ಟರು. ಯಾರೂ ಕಾಯಬೇಕಿಲ್ಲ. ಸ್ಪೆಕ್ಟ್ರಮ್ ಅಗ್ಗ ಆಗಬೇಕಿತ್ತು, ಅದಕ್ಕೆ ಆ ಭಾಗ್ಯ ಇರಲಿಲ್ಲ.

ಇನ್ನು ಆ ಸದ್ದು. ಮೊದಲು ಒಂದು ತಗ್ಗಿನ ಸ್ವರ, ಆಮೇಲೆ ಚಿಕ್ಕ ಬೀಪ್, ಅಲ್ವಾ? ಬೀಪ್ ಬೇಕಂತಲೇ ಇಟ್ಟದ್ದು. ಆ ತಗ್ಗಿನ ಸ್ವರ ಮಾತ್ರ, ಕರೆಂಟ್ ಬಂದ ಕೂಡಲೇ ಸೌಂಡ್ ಚಿಪ್ ತಾನಾಗೇ ಹೊರಡಿಸುತ್ತಿದ್ದದ್ದು, ರಾಮ್‌ನ ಪ್ರೋಗ್ರಾಂ ಎದ್ದು ಬಂದು ಅದನ್ನು ಸುಮ್ಮನಿರಿಸುವವರೆಗೆ. ಎಫ್‌ಪಿಜಿಎಯಲ್ಲಿ ಆ ಚಿಪ್ಪನ್ನು ಅಚ್ಚುಕಟ್ಟಾಗಿ ಸದ್ದಿಲ್ಲದ ಸ್ಥಿತಿಯಿಂದ ಶುರು ಮಾಡಿದರೆ ಬೀಪ್ ಮಾತ್ರ ಕೇಳುತ್ತದೆ, ನಿಮ್ಮ ಕಿವಿಯಲ್ಲಿರುವ ಅರ್ಧ ಹೋಯಿತು. ಕಟ್ಟುವವರು ಆ ಅವ್ಯವಸ್ಥೆಯನ್ನೂ ಬೇಕಂತಲೇ ಕಟ್ಟಬೇಕು.

ಪ್ರಶ್ನೆ: ಎಚ್‌ಡಿಎಂಐ ಮಾನಿಟರ್ 'ನೋ ಸಿಗ್ನಲ್' ಅನ್ನುತ್ತದೆ, ಟಿವಿಯಲ್ಲಿ ಮಾತ್ರ ಬರುತ್ತದೆ. (ತುಮಕೂರು)

ಸ್ಪೆಕ್ಟ್ರಮ್ ಸೆಕೆಂಡಿಗೆ 50.08 ಫ್ರೇಮ್ ಕೊಡುತ್ತದೆ. ಎಷ್ಟೋ ಮಾನಿಟರ್‌ಗಳು 60ಕ್ಕೆ ಒಗ್ಗಿಕೊಂಡಿವೆ, 50 ಒಪ್ಪೋದಿಲ್ಲ. ಒಪ್ಪುವ ಮಾನಿಟರ್ ಹುಡುಕೋದು ಸುಲಭದ ದಾರಿ. ಕ್ಲಾಕ್ ಬದಲಿಸಿ 60ಕ್ಕೆ ಏರಿಸಬೇಡಿ, ಇಡೀ ಯಂತ್ರದ ಲೆಕ್ಕ ಕೆಡುತ್ತದೆ.

ಪ್ರಶ್ನೆ: ಮೊಬೈಲಿನಿಂದ ಟೇಪ್ ಸದ್ದು ಕೊಟ್ಟು ಆಟ ಲೋಡ್ ಮಾಡಬಹುದಾ? ನನಗೆ ಅರ್ಧಕ್ಕೇ ನಿಲ್ಲುತ್ತದೆ. (ಬೆಳಗಾವಿ)

ಮಾಡಬಹುದು. ಹೆಡ್‌ಫೋನ್ ಸದ್ದಿನ ಮಟ್ಟ ಎಫ್‌ಪಿಜಿಎ ಪಿನ್‌ಗೆ ಸಾಲದು, ಮಧ್ಯೆ 3.3 ವೋಲ್ಟ್‌ನಲ್ಲಿ ಒಂದು ಎಲ್‌ಎಂ393 ಕಂಪೇರೇಟರ್ (ಸಣ್ಣ ಸಂಕೇತವನ್ನು ಸ್ಪಷ್ಟ 0-1 ಮಾಡುವ ಚಿಪ್) ಇರಲಿ. ಮೊಬೈಲಿನ ಬಾಸ್ ಬೂಸ್ಟ್, ಈಕ್ವಲೈಜರ್ ಎಲ್ಲಾ ತೆಗೆಯಿರಿ, ಫ್ಲೈಟ್ ಮೋಡ್‌ಗೆ ಹಾಕಿ. ಐದು ನಿಮಿಷದ ಲೋಡಿಂಗ್ ಮಧ್ಯೆ ಒಂದು ಮೆಸೇಜಿನ 'ಟಿಂಗ್' ಬಂದರೂ ಮೊದಲಿಂದ ಶುರು ಮಾಡಬೇಕು. ಬಾರ್ಡರಿನಲ್ಲಿ ಕೆಂಪು-ತಿಳಿನೀಲಿ ದಪ್ಪ ಪಟ್ಟಿಗಳು ಸಮವಾಗಿ ಕಂಡರೆ ಮಟ್ಟ ಸರಿ ಇದೆ. ಪಟ್ಟಿಗಳು ಒಂದು ದಪ್ಪ, ಒಂದು ಸಣ್ಣ ಅಂತ ಬಂದರೆ ವಾಲ್ಯೂಮ್ ಬದಲಿಸಿ ನೋಡಿ.

ಪ್ರಶ್ನೆ: ಅಕ್ಕಾ, ಇದರಲ್ಲಿ ಕನ್ನಡ ಬರೆಯಬಹುದಾ? (ಒಂಬತ್ತನೇ ಕ್ಲಾಸಿನ ಹುಡುಗಿ, ಹಾಸನ)

ಬರೆಯಬಹುದು ಪುಟ್ಟಿ. ಸ್ಪೆಕ್ಟ್ರಮ್‌ನಲ್ಲಿ ನಾವೇ ಬಿಡಿಸಿಕೊಳ್ಳೋಕೆ 21 ಖಾಲಿ ಅಕ್ಷರಗಳಿವೆ. ಒಂದೊಂದೂ 8 ಸಾಲು, 8 ಚುಕ್ಕಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಮನೆ ಸಾಕು. ನಮ್ಮ 'ಕ' ಅಷ್ಟರಲ್ಲಿ ಹಿಡಿಸೋದಿಲ್ಲ, ತಲೆಕಟ್ಟು ಹಾಕುವಷ್ಟರಲ್ಲಿ ಹೊಟ್ಟೆಗೆ ಜಾಗ ಇರಲ್ಲ. ಅದಕ್ಕೆ ನಾಲ್ಕು ಮನೆ ಸೇರಿಸಿ 16 ಸಾಲು, 16 ಚುಕ್ಕಿ ಮಾಡಿಕೋ. ಲೆಕ್ಕದ ಚೌಕುಳಿ ಪುಸ್ತಕದಲ್ಲಿ ಮೊದಲು ಪೆನ್ಸಿಲ್‌ನಲ್ಲಿ ತುಂಬಿ ನೋಡು. ತುಂಬಿದ ಚೌಕ 1, ಖಾಲಿ ಚೌಕ 0, ಎಂಟೆಂಟು ಸೇರಿದರೆ ಒಂದು ಬೈಟ್.

ನಾನು 'ಕನ್ನಡ' ಅಂತ ಬರೆದೆ. ಕ-ಗೆ ನಾಲ್ಕು, ನ-ಗೆ ನಾಲ್ಕು, ಡ-ಗೆ ನಾಲ್ಕು, ನ-ದ ಕೆಳಗಿನ ಒತ್ತಿಗೆ ಇನ್ನೆರಡು. ಒಟ್ಟು 14. ಇನ್ನೂ ಏಳು ಮನೆ ಉಳಿದಿವೆ. ನಿನ್ನ ಹೆಸರಿನಲ್ಲಿ ಎಷ್ಟು ಅಕ್ಷರ, ಎಷ್ಟು ಒತ್ತು ಇವೆ ಎಣಿಸಿ ನನಗೆ ಬರಿ. 21 ದಾಟಿದರೆ ಇನ್ನೊಂದು ದಾರಿ ಇದೆ, ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ 96 ಮನೆಗಳನ್ನೇ ನಮ್ಮವಾಗಿ ಮಾಡಿಕೊಳ್ಳೋದು. ಅದನ್ನು ಮುಂದಿನ ತಿಂಗಳು ಚೌಕುಳಿ ಹಾಳೆ ಸಮೇತ ತೋರಿಸುತ್ತೇನೆ.