ಆಸ್ಟ್ರೇಲಿಯಾದ ಆದಿವಾಸಿ ಹೆಂಗಸರ ಗೊಂಬೆಗಳು ನಿಜವಾದ ಪರಂಪರೆಯಾ, ಪ್ರವಾಸಿಗರಿಗೆ ಮಾರೋಕೆ ಮಾಡಿದ್ದಾ?

ಈ ಗೊಂಬೆ ಮಾಡೋದನ್ನು ಅವರು ವರ್ಕ್‌ಶಾಪ್‌ನಲ್ಲಿ ಕಲಿತದ್ದು, ಅದು ಪರಂಪರೆ ಹೇಗಾಗುತ್ತೆ ಅಂತ ಕೇಳಿದ್ದೀರಿ. ಕಲಿತದ್ದು ವರ್ಕ್‌ಶಾಪ್‌ನಲ್ಲೇ, ಮಾರುವುದೂ ಹೌದು. ಆದರೂ ಅದು ಪೂರ್ತಿ ಅವರದ್ದೇ ಕಲೆ ಅಂತ ನಾನು ಹೇಳುತ್ತೇನೆ.

ಮಧ್ಯ ಆಸ್ಟ್ರೇಲಿಯಾದ ಮರುಭೂಮಿಯ 'ಜನ್ಪಿ ಡೆಸರ್ಟ್ ವೀವರ್ಸ್' ಅನ್ನೋ ಹುಲ್ಲು ಹೆಣೆಯುವ ಹೆಂಗಸರ ಬಳಗವನ್ನೇ ಉದಾಹರಣೆಗೆ ತಗೊಳ್ಳಿ. 1995ರಲ್ಲಿ ಅಲ್ಲಿನ ಆದಿವಾಸಿ ಹೆಂಗಸರದೇ ಸಂಸ್ಥೆಯಾದ ಎನ್‌ಪಿವೈ ಮಹಿಳಾ ಮಂಡಳಿ ಹುಲ್ಲಿನ ಬುಟ್ಟಿ ಹೆಣೆಯುವುದನ್ನು ಕಲಿಸಿತು. ಹೆಂಗಸರು ಸ್ವಂತ ದುಡಿಮೆ ಬೇಕು ಅಂತಿದ್ದರು. ಬುಟ್ಟಿ ಹೊಸದು, ಕೈಚಳಕ ಹಳೆಯದು. ತಲೆಮೇಲೆ ಮರದ ಬೋಗುಣಿ ಹೊರಲು ಇವರ ಅಜ್ಜಿಯರು ಕೂದಲ ದಾರ ಸುತ್ತಿ ಸಿಂಬೆ ಮಾಡುತ್ತಿದ್ದರು. ಬುಟ್ಟಿಯಿಂದ ಬೇಗನೆ ನಾಯಿ, ಹಕ್ಕಿ, ಮನುಷ್ಯರ ಗೊಂಬೆಗಳಿಗೆ ಬಂದರು. 2005ರಲ್ಲಂತೂ ಆ ಮರುಭೂಮಿಯ ಬ್ಲ್ಯಾಕ್‌ಸ್ಟೋನ್ ಅನ್ನೋ ಊರಿನ ಹೆಂಗಸರು ಹುಲ್ಲಿನಲ್ಲೇ ದೊಡ್ಡದೊಂದು ಟೊಯೋಟಾ ಗಾಡಿ ಹೆಣೆದು, ಆದಿವಾಸಿ ಕಲೆಗೆ ಕೊಡುವ ರಾಷ್ಟ್ರೀಯ ಪ್ರಶಸ್ತಿ ಗೆದ್ದರು!

ಹುಲ್ಲು ಕೀಳಲು ಹೋಗುವುದೇ ಒಂದು ಪಾಠ. ಮಕ್ಕಳು-ಮೊಮ್ಮಕ್ಕಳನ್ನೆಲ್ಲ ಕರೆದುಕೊಂಡು ಹೋಗುತ್ತಾರೆ, ದಾರಿಯಲ್ಲಿ ಬೇಟೆ ಆಡುತ್ತಾರೆ, ಆ ಜಾಗದ ಕಥೆ ಹೇಳುತ್ತಾರೆ. ನನ್ನ ಮಟ್ಟಿಗೆ ಗೊಂಬೆಗಿಂತ ಇದೇ ಜಾಸ್ತಿ ಮುಖ್ಯ.

ಆಲಿಸ್ ಸ್ಪ್ರಿಂಗ್ಸ್ ಊರಿನ ಲಾರಪಿಂಟಾ ವ್ಯಾಲಿಯಲ್ಲಿ 'ಯಾರೆಂಟಿ ಅಲ್ಟೆರೆ' ಅನ್ನೋ ಇನ್ನೊಂದು ಬಳಗ ಇದೆ. ಇವರದ್ದು ಬಟ್ಟೆ ಗೊಂಬೆ. ಹಳೇ ಉಣ್ಣೆ ಕಂಬಳಿಯನ್ನು ಕಾಡಿನ ಸೊಪ್ಪು, ಚಹಾ, ತುಕ್ಕು ಹಿಡಿದ ಕಬ್ಬಿಣದ ಚೂರುಗಳ ಜೊತೆ ಹಾಕಿ ಬಣ್ಣ ಕಟ್ಟುತ್ತಾರೆ. ಒಂದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೈಯೆಲ್ಲ ಕಂದು ಕಲೆ, ಒಂದರಂತೆ ಇನ್ನೊಂದಿಲ್ಲ. ಅದರ ಮೇಲೆ ಕೆಂಪು, ಹಳದಿ ಉಣ್ಣೆ ದಾರದ ಉದ್ದುದ್ದ ಹೊಲಿಗೆ. ಹೊಲಿಗೆ ಸಮ ಇಲ್ಲ, ಇರಬೇಕಾಗಿಯೂ ಇಲ್ಲ. ನಮ್ಮ ಕೌದಿಯ ಹಾಗೆ, ಹೊಲಿದ ಕೈ ಯಾರದ್ದು ಅಂತ ಗೊತ್ತಾಗಿಬಿಡುತ್ತೆ. ಕಷ್ಟದಲ್ಲಿದ್ದ ಕುಟುಂಬಗಳಿಗೆ ಕೂತು ಕಲಿಯಲು ಒಂದು ಜಾಗ ಬೇಕು ಅಂತ 2000ದಲ್ಲಿ ಶುರುವಾದ ಕೇಂದ್ರ ಇದು. ಇವತ್ತು ಮರ್ಲೀನ್ ರುಬುಂಟ್ಜಾ, ರೋಂಡಾ ಶಾರ್ಪ್ ಅಂಥವರ ಗೊಂಬೆಗಳು ದೊಡ್ಡ ಗ್ಯಾಲರಿಗಳಲ್ಲಿವೆ.

ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ, ಅದೂ ಗೊತ್ತು. ಆದಿವಾಸಿ ಚಿತ್ತಾರ ಇರುವ ಸ್ಮರಣಿಕೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಕಲಿ ಅಂತ ಅಲ್ಲಿನ ಸರ್ಕಾರಕ್ಕೆ ಆರ್ಥಿಕ ವಿಷಯಗಳಲ್ಲಿ ಸಲಹೆ ಕೊಡುವ ಪ್ರೊಡಕ್ಟಿವಿಟಿ ಕಮಿಷನ್ನೇ 2022ರಲ್ಲಿ ಹೇಳಿತು. ಹಾಗಾಗಿ ಕೊಳ್ಳುವಾಗ ಮಾಡಿದವರ ಹೆಸರು, ಊರು ಕೇಳಿ. ಆದಷ್ಟು ಇಂಥ ಬಳಗಗಳಿಂದಲೇ ನೇರವಾಗಿ ತಗೊಳ್ಳಿ. ಹೆಸರು ಹೇಳಲಾಗದ ಅಂಗಡಿಯಲ್ಲಿ ಎಷ್ಟೇ ಅಗ್ಗವಾದರೂ ಬೇಡ.